ಲ್ಯಾಮಿಂಗ್ಟನ್ ರೋಡಿನಿಂದ ಮಾಟುಂಗಾಕ್ಕೆ

ಎಳೆಯ ಗೆಳೆಯರೇ, ನಿಮ್ಮಲ್ಲಿ ಬಹಳ ಜನ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದಿರಲಿಕ್ಕಿಲ್ಲ. ಬೇಕಾದ ವಸ್ತು ಈಗ ಮನೆಯ ಬಾಗಿಲಿಗೇ ಬರುತ್ತದೆ. ಧಾರವಾಡದಿಂದ ಡೊಂಬಿವಲಿಗೆ ಸೊಸೆಯಾಗಿ ಬಂದು ಮೂವತ್ತು ವರ್ಷ ಕಳೆದರೂ ನಾನು ಕೂಡ ಆ ಕಡೆ ಕಾಲಿಟ್ಟವಳಲ್ಲ. 2025ರ ನವೆಂಬರಿನ ಒಂದು ಶನಿವಾರ ಮಾತ್ರ ಬೇಗ ಅಡಿಗೆ ಮುಗಿಸಿ, ನಮ್ಮ ಕಟ್ಟಡದ ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳನ್ನು ಜತೆಗೆ ಕಟ್ಟಿಕೊಂಡು ಹೊರಟೆ. ದಾದರಿನವರೆಗೆ ಫಾಸ್ಟ್ ಗಾಡಿ, ಅಲ್ಲಿ ಸೇತುವೆ ಹತ್ತಿ ಇಳಿದು ಪಶ್ಚಿಮ ರೈಲ್ವೆಯ ಸ್ಲೋ ಗಾಡಿ. ನನ್ನ ಬಟ್ಟೆಯ ಚೀಲದಲ್ಲಿದ್ದದ್ದು ತರಕಾರಿಯಲ್ಲ. ಆರು ಕಂಪ್ಯೂಟರುಗಳಿಂದ ಬಿಚ್ಚಿ ತೆಗೆದ ಆರು ರ‍್ಯಾಮ್ ಪಟ್ಟಿಗಳು.

ಸ್ಟೇಷನ್ನಿನ ಪೂರ್ವಕ್ಕೆ ಹೊರಬಿದ್ದು ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರೋಡು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನ ಹೆಸರು ಅದು. ಟಪಾಲಿನ ವಿಳಾಸದಲ್ಲಿ ಡಾ. ದಾದಾಸಾಹೇಬ ಭಡಕಮ್ಕರ್ ಮಾರ್ಗ ಎಂದು ಬರೆಯುತ್ತಾರೆ, ಆದರೆ ಬಾಯಿಗೆ ಬರುವುದು ಹಳೆಯ ಹೆಸರೇ. ಮೊದಲು ಇಲ್ಲಿ ರೇಡಿಯೊ ಬಿಡಿಭಾಗ ಮಾರುತ್ತಿದ್ದರು, ಆಮೇಲೆ ಟೀವಿ ಬಂತು, ಆಮೇಲೆ ಕಂಪ್ಯೂಟರು. ಅಂಗಡಿಗಳು ಎಷ್ಟು ಕಿರಿದು ಎಂದರೆ ನಮ್ಮ ಅಡಿಗೆಮನೆಯೇ ಅರಮನೆ ಅನ್ನಿಸುತ್ತದೆ. ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು. ಗಿರಾಕಿ ರಸ್ತೆಯಲ್ಲೇ ನಿಲ್ಲಬೇಕು.

ಒಂದು ಅಂಗಡಿಯ ಮುದುಕರ ಮುಂದೆ ನನ್ನ ಪ್ಲಾಸ್ಟಿಕ್ ಪೊಟ್ಟಣ ಬಿಚ್ಚಿದೆ. ಆರೂ ಕೆಟ್ಟಿವೆ, ಹೊಸ ಆರು ಕೊಡಿ ಎಂದೆ. ಅವರು ಮೊದಲು ನನ್ನನ್ನು ಗದರಿದರು. ಪ್ಲಾಸ್ಟಿಕ್ಕಿನಲ್ಲಿ ಉಜ್ಜಿದರೆ ಸ್ಥಾಯಿ ವಿದ್ಯುತ್ತು ಹುಟ್ಟಿ ಒಳಗಿನ ಚಿಪ್ಪು ಸುಡಬಹುದಂತೆ. ಹೀಗೆ ಸುತ್ತಿ ತರಬಾರದು. ಆಮೇಲೆ ಗಲ್ಲೆಯಿಂದ ಮಕ್ಕಳ ಪೆನ್ಸಿಲ್ ರಬ್ಬರೊಂದನ್ನು ತೆಗೆದು, ಪಟ್ಟಿಯ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿದರು. ಸಮುದ್ರದ ಗಾಳಿ, ಮಳೆಗಾಲದ ತೇವಕ್ಕೆ ಈ ಹಲ್ಲುಗಳ ಮೇಲೆ ಮಸುಕು ಕೂಡುತ್ತದೆ, ವಿದ್ಯುತ್ತು ಹರಿಯುವುದಿಲ್ಲ, ಯಂತ್ರ ಬೀಪ್ ಬೀಪ್ ಎಂದು ಕೂಗಿ ಸುಮ್ಮನಾಗುತ್ತದೆ. ಉಜ್ಜಿ, ಒರೆಸಿ, ತಮ್ಮ ಯಂತ್ರಕ್ಕೆ ಸಿಕ್ಕಿಸಿ ನೋಡಿದರು. ಆರರಲ್ಲಿ ನಾಲ್ಕಕ್ಕೆ ಜೀವ ಬಂತು.

"ಬೆಹೆನ್‌ಜಿ, ಇದಕ್ಕೇನು ದುಡ್ಡು?" ಎಂದು ಅವರು ನಕ್ಕಾಗ ನನಗೆ ನಾಚಿಕೆಯಾಯಿತು. ಐದು ವರ್ಷ ಆ ಯಂತ್ರಗಳನ್ನು ಸತ್ತವೆಂದು ಬೀಗ ಹಾಕಿ ಇಟ್ಟಿದ್ದೆವಲ್ಲ! ಮರಳುವಾಗ ನಾಲ್ಕು ನಾಣ್ಯದಾಕಾರದ ಬ್ಯಾಟರಿ ಮತ್ತು ಒಂದು ಡಜನ್ ಪೆನ್ಸಿಲ್ ರಬ್ಬರು ಕೊಂಡೆ.

ಇಷ್ಟಕ್ಕೂ ಈ ವಯಸ್ಸಿನಲ್ಲಿ ನನಗೇಕೆ ಈ ಉಸಾಬರಿ ಎಂದು ಕೇಳುತ್ತೀರಿ. ಹೇಳುತ್ತೇನೆ.

2014ರ ಏಪ್ರಿಲ್ 8ರಂದು ವಿಂಡೋಸ್ ಎಕ್ಸ್‌ಪಿಗೆ ಕಂಪೆನಿಯ ಬೆಂಬಲ ಮುಗಿಯಿತು. ಆಗ ನನ್ನ ಮಗ ಕಾಲೇಜಿನ ಮೊದಲ ವರ್ಷದಲ್ಲಿದ್ದ. ಮನೆಮನೆಯಲ್ಲಿ ಎಸೆಯಲು ಇಟ್ಟ ಕಂಪ್ಯೂಟರುಗಳನ್ನು ಅವನೂ ಅವನ ಗೆಳೆಯರೂ ಹೊತ್ತು ತಂದು, ನಮ್ಮ ಸಂಘದ ವಾಚನಾಲಯದ ಹಿಂದಿನ ಕೋಣೆಯಲ್ಲಿ ಲಿನಕ್ಸ್ ಹಾಕಿ ಒಂದು ಕೂಟ ಕಟ್ಟಿದರು. ಲಿನಕ್ಸ್ ಎಂದರೆ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯಲು ಆರಂಭಿಸಿ, ಜಗತ್ತಿನ ಸಾವಿರಾರು ಜನ ಬೆಳೆಸಿದ ವ್ಯವಸ್ಥೆ. ಅದಕ್ಕೂ ಮೊದಲು, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಎಂಬ ಯೋಜನೆಯನ್ನು ಸಾರಿದ್ದರು. ಅದರ ಹಿಂದಿನ ವಿಚಾರ ಸರಳವಾದದ್ದು. ತಂತ್ರಾಂಶವನ್ನು ಬೇಕಾದ ಹಾಗೆ ಬಳಸಬೇಕು, ಒಳಗೆ ಹೇಗೆ ಬರೆದಿದೆ ಎಂದು ನೋಡಬೇಕು, ನೆರೆಯವರಿಗೆ ಕೊಡಬೇಕು, ತಿದ್ದಿದ್ದನ್ನೂ ಹಂಚಬೇಕು. ಈ ನಾಲ್ಕಕ್ಕೂ ಯಾರ ಅಡ್ಡಿಯೂ ಇರಬಾರದು. ಭಾರತದಲ್ಲಿ ಈ ಗೀಳು ಹರಡಿದ್ದು 1996ರಲ್ಲಿ 'ಪಿಸಿ ಕ್ವೆಸ್ಟ್' ಪತ್ರಿಕೆ ತನ್ನ ಸಂಚಿಕೆಯ ಜತೆ ಲಿನಕ್ಸ್ ಸಿ.ಡಿ. ಕೊಟ್ಟ ಮೇಲೆ. ಬೆಂಗಳೂರಿನ ಅತುಲ್ ಚಿಟ್ನಿಸ್ ಅದರ ಹಿಂದೆ ದುಡಿದವರು. ಊರೂರಲ್ಲಿ ಲಿನಕ್ಸ್ ಬಳಗಗಳು ಹುಟ್ಟಿದವು. ಚೆನ್ನೈಯ ಬಳಗ ಹುಟ್ಟಿದ್ದು 1998ರ ಜನವರಿಯಲ್ಲಿ.

ನಮ್ಮ ಹುಡುಗರ ಕೂಟ ಐದು ವರ್ಷ ನಡೆಯಿತು. ಆಮೇಲೆ ಒಬ್ಬ ಬೆಂಗಳೂರು, ಒಬ್ಬ ಪುಣೆ, ನನ್ನ ಮಗ ಜರ್ಮನಿ. 2020ರಲ್ಲಿ ಕೊರೊನಾ ಬಂದು ಕೋಣೆಗೆ ಬೀಗ ಬಿತ್ತು. 2025ರ ವಾರ್ಷಿಕ ಸಭೆಯಲ್ಲಿ ಕಾರ್ಯಕಾರಿ ಸಮಿತಿಯವರು ಆ ಕೋಣೆಯನ್ನು ಸಮಾರಂಭದ ಪಾತ್ರೆ ಪಡಗ ಇಡಲು ಬಳಸೋಣ, ಯಂತ್ರಗಳನ್ನು ರದ್ದಿಗೆ ಹಾಕೋಣ ಎಂದರು. ಅವರದೂ ತಪ್ಪಲ್ಲ. ಹಂಡೆ, ಕೊಪ್ಪರಿಗೆ ಮೆಟ್ಟಿಲ ಕೆಳಗೆ ಬಿದ್ದಿದ್ದವು. ನಾನು ಮಾತ್ರ ಎದ್ದು ನಿಂತು, "ಮಾರ್ಚ್ 31ರವರೆಗೆ ಸಮಯ ಕೊಡಿ" ಎಂದುಬಿಟ್ಟೆ. ಕಂಪ್ಯೂಟರಿನ ಮೇಲಿನ ಪ್ರೀತಿಯಿಂದಲ್ಲ. ಬಾಗಿಲಿನ ಒಳಮಗ್ಗುಲಲ್ಲಿ ನನ್ನ ಮಗನ ಕೈಬರಹದ ಒಂದು ಚೀಟಿ ಅಂಟಿಸಿತ್ತು: 'ಚಪ್ಪಲಿ ಹೊರಗೆ, ಪ್ರಶ್ನೆ ಒಳಗೆ.' ಅದನ್ನು ಹರಿದು ಅಲ್ಲಿ ಕೊಪ್ಪರಿಗೆ ಒರಗಿಸುವುದು ನನ್ನಿಂದ ನೋಡಲಾಗುತ್ತಿರಲಿಲ್ಲ.

ಸಮಯವೇನೋ ಸಿಕ್ಕಿತು. ಮುಂದೆ ಏನು ಮಾಡಬೇಕು ಎಂಬುದು ತಿಳಿಯದೆ, ನಮ್ಮ ಸಂಘಗಳು ಯಾವಾಗಲೂ ಮಾಡುವುದನ್ನೇ ಮಾಡಿದೆ. ಒಂದು ಉಪನ್ಯಾಸ ಇಟ್ಟೆ! ಸೆಪ್ಟೆಂಬರಿನ ಒಂದು ಭಾನುವಾರ, ದೊಡ್ಡ ಹುದ್ದೆಯಲ್ಲಿರುವ ಒಬ್ಬರನ್ನು ಕರೆಸಿ, ಶಾಲು ಹೊದೆಸಿ, 'ಮುಕ್ತ ತಂತ್ರಾಂಶ ಮತ್ತು ಯುವಜನತೆ' ಎಂಬ ವಿಷಯ ಕೊಟ್ಟೆವು. ಪಕ್ಕದ ಹೋಟೆಲಿನಿಂದ ಅರವತ್ತು ಪ್ಲೇಟು ಇಡ್ಲಿ ಹೇಳಿದ್ದೆ. ಬಂದವರು ಒಂಬತ್ತು ಜನ. ಅದರಲ್ಲಿ ಮೂವರು ನಮ್ಮ ಮನೆಯವರು, ಇಬ್ಬರು ಮಧ್ಯದಲ್ಲೇ ಎದ್ದು ಹೋದರು. ಯುವಜನತೆ ಎನ್ನಬಹುದಾದವರು ಇಬ್ಬರೇ. ಒಂದೂವರೆ ಗಂಟೆ ಭಾಷಣ ನಡೆಯಿತು. ಪ್ರಶ್ನೆಗಳಿವೆಯೇ ಎಂದಾಗ ಎಲ್ಲರೂ ಇಡ್ಲಿಯ ಕಡೆ ನೋಡಿದರು.

ಪ್ರಶ್ನೆ ಬಂದದ್ದು ಬಾಗಿಲಿನಿಂದ. ಇಡ್ಲಿ ತಂದ ಹುಡುಗ ಖಾಲಿ ಡಬ್ಬಿಗೆಂದು ಕಾಯುತ್ತ ನಿಂತಿದ್ದ. ಬೈಂದೂರು ಕಡೆಯವನು, ಹತ್ತೊಂಬತ್ತು ವರ್ಷ ಇರಬಹುದು. "ಅಮ್ಮ, ಇದ್ರಗೆ ಕನ್ನಡ ಬತ್ತಾ?" ಎಂದ. ಬರುತ್ತದೆ ಎಂದು ಎಲ್ಲರೂ ಒಟ್ಟಿಗೆ ಹೇಳಿದೆವು. "ಹಂಗಾರೆ ತೋರ್ಸಿ" ಎಂದ. ತೋರಿಸಲು ಕೆಲಸ ಮಾಡುವ ಒಂದು ಯಂತ್ರವೂ ಆ ಕೋಣೆಯಲ್ಲಿ ಇರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗನಿಗೆ ಫೋನು ಮಾಡಿ ಗೋಳು ತೋಡಿಕೊಂಡೆ. ಅವನು ಹೇಳಿದ್ದು ಎರಡೇ ಮಾತು. "ಅಮ್ಮ, ನಾವು ಒಂದು ದಿನವೂ ಭಾಷಣ ಇಟ್ಟಿರಲಿಲ್ಲ. ಸ್ಕ್ರೂ ಡ್ರೈವರ್ ಇಟ್ಟಿದ್ದೆವು." ಲ್ಯಾಮಿಂಗ್ಟನ್ ರೋಡಿಗೆ ನಾನು ಹೋದದ್ದು ಹೀಗೆ.

ಹೊತ್ತೂ ಕೂಡಿಬಂದಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿತ್ತು. ಹನ್ನೊಂದಕ್ಕೆ ಏರಬೇಕಾದರೆ ಯಂತ್ರದಲ್ಲಿ ಟಿಪಿಎಂ ಎಂಬ ಭದ್ರತಾ ಚಿಪ್ಪಿನ ಹೊಸ ಆವೃತ್ತಿ ಇರಬೇಕು. ಹಳೆಯವು ಎಷ್ಟೋ ಯಂತ್ರಗಳಲ್ಲಿ ಅದಿಲ್ಲ. ಮತ್ತೆ ಮನೆಮನೆಯಲ್ಲಿ ಗಟ್ಟಿಮುಟ್ಟಾದ ಕಂಪ್ಯೂಟರುಗಳು ಅಟ್ಟ ಸೇರಿದ್ದವು. 'ಎರಡನೆಯ ಮತ್ತು ನಾಲ್ಕನೆಯ ಭಾನುವಾರ, ಸಂಜೆ 3ರಿಂದ 5. ನಿಮ್ಮ ಹಳೆಯ ಯಂತ್ರ ತನ್ನಿ. ಭಾಷಣ ಇರುವುದಿಲ್ಲ' ಎಂದು ಕೈಯಲ್ಲೇ ಬರೆದು ಐದು ಕಟ್ಟಡಗಳ ಲಿಫ್ಟಿನ ಪಕ್ಕ ಅಂಟಿಸಿದೆ. ಕೊನೆಯ ವಾಕ್ಯಕ್ಕೇ ಜನ ಬಂದರೋ ಏನೋ, ಮೊದಲ ಭಾನುವಾರ ಹದಿನಾಲ್ಕು ಮಂದಿ!

ಬಂದ ಪ್ರತಿಯೊಬ್ಬರ ಕೈಗೂ ಒಂದು ರಬ್ಬರು ಕೊಟ್ಟೆ. ಅಂಗಡಿಯ ಮುದುಕರು ಕಲಿಸಿದ್ದನ್ನು ಕಲಿಸಿದೆ: ಮೊದಲು ಪ್ಲಗ್ ತೆಗೆಯಿರಿ, ಲೋಹದ ಪೆಟ್ಟಿಗೆ ಮುಟ್ಟಿ ಮೈಯ ವಿದ್ಯುತ್ತು ಇಳಿಸಿಕೊಳ್ಳಿ, ಆಮೇಲೆ ಕೈಹಾಕಿ. ಒಂದು ಯಂತ್ರ ಹತ್ತಿತು, ಆದರೆ ಯಾವ ಜಾಲತಾಣವನ್ನೂ ತೆರೆಯದು. ಎಂಜಿನಿಯರಿಂಗ್ ಹುಡುಗಿ ತಲೆ ಕೆರೆದುಕೊಂಡಳು. ಎಂಟನೆಯ ತರಗತಿಯ ಪೋರನೊಬ್ಬ ಮೂಲೆಯ ಗಡಿಯಾರ ತೋರಿಸಿದ. ಅದರಲ್ಲಿ 2009 ಎಂದಿತ್ತು. ಒಳಗಿನ ನಾಣ್ಯದ ಬ್ಯಾಟರಿ ತೀರಿದರೆ ಯಂತ್ರ ತನ್ನ ತಾರೀಖನ್ನು ಮರೆಯುತ್ತದೆ. ತಾರೀಖು ತಪ್ಪಿದರೆ ಜಾಲತಾಣದ ಭದ್ರತಾ ಪತ್ರ ಇನ್ನೂ ಹುಟ್ಟೇ ಇಲ್ಲ ಎಂದು ತಿಳಿದು ಬಾಗಿಲು ಮುಚ್ಚುತ್ತದೆ. ಎರಡು ವಡಾಪಾವಿನ ಬೆಲೆಯ ಬ್ಯಾಟರಿ ಹಾಕಿದೆವು, ಸರಿಹೋಯಿತು. ಪುಸ್ತಕದಲ್ಲಿ ಓದಿದ್ದರೆ ಆ ಪೋರ ಮರೆಯುತ್ತಿದ್ದ. ಈಗ ಅವನು ಮುದುಕನಾದರೂ ಮರೆಯಲಾರ.

ಪೆನ್‌ಡ್ರೈವಿನಿಂದ ಲಿನಕ್ಸ್ ಮಿಂಟ್ ನಡೆಸಿ ತೋರಿಸಿದೆವು. ಇದರ ಗುಣವೇನೆಂದರೆ ಯಂತ್ರದಲ್ಲಿರುವ ಯಾವುದನ್ನೂ ಅಳಿಸದೆ ಒಮ್ಮೆ ಓಡಿಸಿ ನೋಡಬಹುದು, ಒಗ್ಗಿದರೆ ಆಮೇಲೆ ಉಳಿಸಿಕೊಳ್ಳಬಹುದು. ಅಷ್ಟಾದರೂ ಅಳಿಸುವ ಮೊದಲು ಮನೆಯವರ ಫೋಟೋ, ಕಾಗದಪತ್ರಗಳ ಪ್ರತಿ ತೆಗೆಯದೆ ಮುಂದಿನ ಗುಂಡಿ ಒತ್ತಬಾರದು ಎಂದು ಕಟ್ಟುನಿಟ್ಟು ಮಾಡಿದೆ. ಹನ್ನೊಂದು ಯಂತ್ರಗಳಲ್ಲಿ ಏಳು ಎದ್ದವು. ಮೂರರ ಅಂಗಾಂಗ ಸೇರಿಸಿ ಎಂಟನೆಯದು ಎದ್ದಿತು. ಒಂದು ಮಾತ್ರ ಏನು ಮಾಡಿದರೂ ಏಳಲಿಲ್ಲ. ಬಿಚ್ಚಿ ಕಲಿಯಲೆಂದು ಅದನ್ನು ಮಕ್ಕಳಿಗೆ ಬಿಟ್ಟೆವು.

ಈಗ ಆ ಹೋಟೆಲಿನ ಹುಡುಗನ ಸಾಲ ತೀರಿಸಬೇಕಿತ್ತಲ್ಲ! ಭಾನುವಾರ ಸಂಜೆ ಹೋಟೆಲಿಗೆ ಗಿರಾಕಿ ಹೆಚ್ಚು. ಅವನಿಗೆ ಬಿಡುವು ಸಿಗಬೇಕು. ಮಾಲಕರನ್ನು ಕೇಳಲು ಅಳುಕುತ್ತಲೇ ಹೋದೆ. ಎಪ್ಪತ್ತು ದಾಟಿದವರು. ವಿಷಯ ಹೇಳಿದೊಡನೆ, "ನಾನೂ ರಾತ್ರಿ ಶಾಲೆಯವನೇ ಅಮ್ಮ" ಎಂದರು. ಮಕ್ಕಳೇ, ಈ ಮಾತು ನಿಮಗೆ ಗೊತ್ತಿರಲಿ. ಊರಿನಿಂದ ಬರಿಗೈಯಲ್ಲಿ ಬಂದು ಹೋಟೆಲುಗಳಲ್ಲಿ ಲೋಟ ತೊಳೆದ ಕರಾವಳಿಯ ಹುಡುಗರು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಗುಮಾಸ್ತರಾದರು, ವಕೀಲರಾದರು, ಹೋಟೆಲು ಮಾಲಕರೂ ಆದರು. ಆ ಶಾಲೆಗಳಲ್ಲಿ ಅನೇಕವು ಈಗ ಮುಚ್ಚಿವೆ. "ಮೂರರಿಂದ ಐದು ಹೋಗಲಿ. ಐದಕ್ಕೆ ಗಲ್ಲೆಯ ಮುಂದೆ ಇರಬೇಕು" ಎಂದು ಮಾಲಕರು ಒಪ್ಪಿದರು.

ಹುಡುಗ ಬಂದ, ಬಾಗಿಲಲ್ಲೇ ನಿಂತ. "ಬಾರಪ್ಪಾ, ಒಳಗ ಬಂದು ಕೂಡು" ಎಂದೆ. ಕೀಲಿಮಣೆಯ ಆಯ್ಕೆಗಳಲ್ಲಿ 'ಕನ್ನಡ, ಕಗಪ' ಎಂದಿರುವುದನ್ನು ತೋರಿಸಿದೆವು. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಅವರ ವಿನ್ಯಾಸಕ್ಕೆ ಮೂಲ ಕೆ.ಪಿ. ರಾವ್ ಅವರ ಕೀಲಿಮಣೆ. ಕಿನ್ನಿಕಂಬಳದ ಈ ರಾಯರು ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿದ್ದ ಯು.ಬಿ. ಪವನಜ ಅವರು 1996ರಲ್ಲೇ 'ವಿಶ್ವಕನ್ನಡ' ಎಂಬ ಅಂತರಜಾಲ ಪತ್ರಿಕೆ ಆರಂಭಿಸಿದರು. ಗಣಕದ ಕನ್ನಡಕ್ಕೆ ಮುಂಬಯಿಯ ನೀರೂ ಸೇರಿದೆ ಎಂದು ಹೇಳಿಕೊಳ್ಳಲು ನಮಗೆ ಹಕ್ಕಿದೆ.

ಒತ್ತಕ್ಷರ ಬೇಕಾದರೆ ನಡುವೆ ಎಫ್ ಗುಂಡಿ ಒತ್ತಬೇಕು, ಲ ಆದ ಮೇಲೆ ಎಫ್, ಮತ್ತೆ ಲ ಎಂದು ಹೇಳಿಕೊಟ್ಟಳು ಎಂಜಿನಿಯರಿಂಗ್ ಹುಡುಗಿ. ಹುಡುಗ ಒಂದೊಂದೇ ಬೆರಳಿನಿಂದ 'ಕೊಲ್ಲೂರು' ಎಂದು ಮೂಡಿಸಿದ. ಆಮೇಲೆ ಅವಳ ಕಡೆ ತಿರುಗಿ, "ಸರಿ ಇತ್ತಾ?" ಎಂದು ಕೇಳಿದ. ಅವಳು ಇಂಗ್ಲಿಷಿನಲ್ಲಿ ಮೆಲ್ಲಗೆ ನನಗೆ ಹೇಳಿದಳು: ನನಗೆ ಓದಲು ಬರುವುದಿಲ್ಲ ಆಂಟಿ. ಗುಂಡಿ ಅವಳಿಗೆ ಗೊತ್ತು, ಅಕ್ಷರ ಅವನಿಗೆ ಗೊತ್ತು. ಹುಡುಗನಿಗೆ ಆಶ್ಚರ್ಯವಾಯಿತು, ನಗಲಿಲ್ಲ. ಒಂದು ಕಾಗದ ಎಳೆದುಕೊಂಡು 'ಲ' ಬರೆದು ತೋರಿಸಿದ.

ನಮ್ಮ ಕೂಟ ನಿಜವಾಗಿ ಬದುಕಿದ್ದು ಆ ಗಳಿಗೆಯಲ್ಲಿ ಎಂದು ನನಗೆ ಅನ್ನಿಸುತ್ತದೆ.

ಜನವರಿಯಲ್ಲಿ ಮಾಟುಂಗಾಕ್ಕೆ ಹೊರಟದ್ದು ಆ ಕಾಗದದ ಮುಂದುವರಿಕೆ. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬವರು ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ನಕಾಶೆ ಆರಂಭಿಸಿದರು. ಅದನ್ನು ಯಾರೂ ಬಳಸಬಹುದು, ಯಾರೂ ತುಂಬಬಹುದು. ಒಂದೊಂದು ಸ್ಥಳಕ್ಕೂ ಅನೇಕ ಭಾಷೆಗಳ ಹೆಸರಿಗೆ ಬೇರೆ ಬೇರೆ ಖಾನೆಗಳಿವೆ, ಕನ್ನಡಕ್ಕೂ ಇದೆ. ಆದರೆ ಒಂದು ನಿಯಮ: ಬೇರೆ ಕಂಪೆನಿಯ ನಕಾಶೆ ನೋಡಿ ನಕಲು ಮಾಡುವಂತಿಲ್ಲ. ಹೋಗಿ, ಕಣ್ಣಾರೆ ಕಂಡು ಬರೆಯಬೇಕು.

ಡೊಂಬಿವಲಿಯಿಂದ ಸ್ಲೋ ಗಾಡಿಯಲ್ಲಿ ಸುಮಾರು ಒಂದು ಗಂಟೆ. ಏಳು ಜನ ಹೋದೆವು. ಅಂದು ಹೋಟೆಲಿನ ಹುಡುಗನಿಗೆ ಮಾಲಕರು ಅರ್ಧ ದಿನ ರಜೆ ಕೊಟ್ಟಿದ್ದರು. ಮಾಟುಂಗಾ ಸ್ಟೇಷನ್ನನ್ನು 2017ರಲ್ಲಿ ಪೂರ್ತಿಯಾಗಿ ಮಹಿಳಾ ಸಿಬ್ಬಂದಿಗೇ ಒಪ್ಪಿಸಿದರು, ಮುಂಬಯಿ ಲೋಕಲಿನಲ್ಲಿ ಅದೇ ಮೊದಲು ಎಂದು ನಾನು ಹೇಳಿದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು. ಹೊರಗೆ ಕಾಲಿಟ್ಟರೆ ಹೂವಿನ ಅಂಗಡಿಗಳು. ಮಲ್ಲಿಗೆ ದಂಡೆಯ ಪರಿಮಳ, ಕಾಫಿಪುಡಿಯ ಪರಿಮಳ. ಮುಂಬಯಿಯಲ್ಲಿ ಕಣ್ಣು ಮುಚ್ಚಿ ನಿಂತರೂ ಊರು ನೆನಪಾಗುವ ಜಾಗ ನನಗೆ ಇದೊಂದೇ.

ಕಾಗದದ ಮೇಲೆ ಮುದ್ರಿಸಿದ ಬೀದಿಗಳ ನಕಾಶೆ, ಪೆನ್ಸಿಲು, ಅದೇ ರಬ್ಬರು ಹಿಡಿದು ನಡೆದೆವು. 1939ರ ರಾಮಾಶ್ರಯ, ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಶ್ರೀ ಕೃಷ್ಣ ಬೋರ್ಡಿಂಗ್, ಕಿಂಗ್ಸ್ ಸರ್ಕಲ್ ಕಡೆಗೆ 1940ರ ಕೆಫೆ ಮದ್ರಾಸ್, ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್. ನಕಾಶೆಯಲ್ಲಿ ಕನ್ನಡದ ಖಾನೆ ಖಾಲಿ ಇದ್ದ ಜಾಗಗಳಿಗೆ ಮಕ್ಕಳು ಗುರುತು ಹಾಕುತ್ತಿದ್ದರು, ಹುಡುಗ ಪುಸ್ತಕದಲ್ಲಿ ಕನ್ನಡ ಹೆಸರು ಬರೆಯುತ್ತಿದ್ದ. ಬೋರ್ಡಿಂಗಿನ ಮುಂದೆ ಜಗಳವೇ ಹತ್ತಿತು. ಇಂಗ್ಲಿಷ್ ಹೆಸರಿನಲ್ಲಿ 'ಉಡಿಪಿ' ಎಂದು ಬರುತ್ತದೆ, ಹಾಗೆಯೇ ಬರೆಯಬೇಕು ಎಂದು ಒಬ್ಬ. "ನಮ್ಮೂರ ಬದಿಯಗೆ ಉಡುಪಿ ಅಂಬ್ರ್" ಎಂದು ಹುಡುಗ ಪಟ್ಟು ಹಿಡಿದ. ಕೊನೆಗೆ ಇಂಗ್ಲಿಷಿನ ಖಾನೆಯಲ್ಲಿ ಅದು, ಕನ್ನಡದ ಖಾನೆಯಲ್ಲಿ ಇದು ಎಂದು ರಾಜಿಯಾಯಿತು. ಇಂಗ್ಲಿಷ್ ಬಿ.ಎ. ಪಾಸಾದ ನಾನು ಇಷ್ಟು ವರ್ಷ ಎರಡು ಭಾಷೆಯ ನಡುವೆ ಒಂದನ್ನು ಆರಿಸಬೇಕು ಎಂದುಕೊಂಡಿದ್ದೆ. ಎರಡಕ್ಕೂ ಬೇರೆ ಬೇರೆ ಖಾನೆ ಇರಬಹುದು ಎಂದು ಈ ಮಕ್ಕಳು ಕಲಿಸಿದರು.

ಬಾಳೆಲೆ ಊಟ ಮುಗಿಸಿ ಹಿಂದಿರುಗುವಾಗ ಗಾಡಿಯಲ್ಲಿ ಎಂಜಿನಿಯರಿಂಗ್ ಹುಡುಗಿ ಹುಡುಗನ ಪುಸ್ತಕ ಇಟ್ಟುಕೊಂಡು ಅಕ್ಷರ ಕೂಡಿಸಿ ಓದುತ್ತಿದ್ದಳು. ಘಾಟಕೋಪರ್ ಬರುವಷ್ಟರಲ್ಲಿ 'ಮೈಸೂರು' ತನಕ ಬಂದಿದ್ದಳು.

ಮಾರ್ಚ್ 31ಕ್ಕೆ ಏನಾಯಿತು? ಸಮಿತಿಯವರು ಬಂದು ನೋಡಿದರು. ಕೋಣೆಯ ಹಿಂದಿನ ಅರ್ಧದಲ್ಲಿ ಪಾತ್ರೆ, ಮುಂದಿನ ಅರ್ಧದಲ್ಲಿ ಕೂಟ ಎಂದು ತೀರ್ಮಾನವಾಯಿತು. ಕೊಪ್ಪರಿಗೆಯ ಮೇಲೆ ಹಲಗೆ ಹಾಕಿ ಎರಡು ಮಾನಿಟರ್ ಇಟ್ಟಿದ್ದೇವೆ. ಮದುವೆಯ ಸೀಸನ್ನಿನಲ್ಲಿ ಇಳಿಸಬೇಕಾಗುತ್ತದೆ. ಇದು ಒಂದು ವರ್ಷದ ಮಟ್ಟಿಗೆ. ಮುಂದಿನ ಮಾತು ನಿಮ್ಮ ಕೈಯಲ್ಲಿದೆ. ಹಿಂದೆ ಈ ಕೂಟ ಸತ್ತದ್ದು ಅದನ್ನು ನಾಲ್ಕೇ ಗೆಳೆಯರು ಹೊತ್ತಿದ್ದರಿಂದ. ಅವರು ಹೊರಟಾಗ ಹೊರಲು ಇನ್ನೊಬ್ಬರಿರಲಿಲ್ಲ. ಆದ್ದರಿಂದ ಈಗ ಒಂದು ಪದ್ಧತಿ ಮಾಡಿದ್ದೇವೆ: ಇಂದು ಕಲಿತವರು ಮುಂದಿನ ಭಾನುವಾರ ಇನ್ನೊಬ್ಬರಿಗೆ ಕಲಿಸಬೇಕು, ಮತ್ತು ಆ ಇನ್ನೊಬ್ಬರು ನಿಮ್ಮ ಮನೆಯವರಾಗಿರಬಾರದು. ಕಾವಲುಗಾರನ ಮಗಳಾಗಲಿ, ಕೆಲಸಕ್ಕೆ ಬರುವ ಮೌಶಿಯಾಗಲಿ, ಯಾರೂ ಆಗಬಹುದು.

ಈ ಲೇಖನವನ್ನು ನಿಮಗೆ ಅಮ್ಮನೋ ಅಜ್ಜಿಯೋ ಓದಿ ಹೇಳುತ್ತಿದ್ದರೂ ಚಿಂತೆಯಿಲ್ಲ, ಬನ್ನಿ. ಓದುವುದನ್ನು ಕಲಿಸಲು ನಮ್ಮಲ್ಲಿ ಒಬ್ಬ ಮೇಷ್ಟ್ರಿದ್ದಾನೆ. ಐದು ಗಂಟೆಗೆ ಮಾತ್ರ ಅವನು ಹೋಟೆಲಿಗೆ ಓಡಬೇಕು. ಬಾಗಿಲಿನ ಚೀಟಿ ಇನ್ನೂ ಅಲ್ಲೇ ಇದೆ. ಚಪ್ಪಲಿ ಹೊರಗೆ ಬಿಡಿ. ಬರುವಾಗ ಒಂದು ಪೆನ್ಸಿಲ್ ರಬ್ಬರು ತನ್ನಿ, ನಮ್ಮವು ಸವೆದಿವೆ.